ಅವ್ವ ಸುಲಿದ ತತ್ತಿ

ನಮ್ಮ ಮನೆಯಲ್ಲಿ ಅವ್ವನ ಬಲಗೈಗೆ ಒಂದು ಹೆಸರಿತ್ತು: ಹರಕ ಕೈ. ಹೆಸರಿಟ್ಟವಳು ಆಯಿ, ನಮ್ಮಪ್ಪನ ತಾಯಿ. ಅದೇ ಕೈಯಿಂದ ಅವ್ವ ದಿನಾ ಮನೆಮಂದಿಗೆಲ್ಲ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಒಂದು ರೊಟ್ಟಿಯ ಅಂಚೂ ಸೀಳುತ್ತಿರಲಿಲ್ಲ. ಅದೇ ಕೈಯಿಂದ ಕೌದಿ ಹೊಲಿದರೆ ಓಣಿಯ ಹೆಂಗಸರು ಹೊಲಿಗೆ ನೋಡಿಕೊಂಡು ಹೋಗಲು ಬರುತ್ತಿದ್ದರು. ಆದರೆ ಕುದಿಸಿದ ತತ್ತಿಯ ಸಿಪ್ಪೆ ಸುಲಿಯಲು ಕೂತಳೆಂದರೆ ಆ ಕೈಗೆ ಏನಾಗುತ್ತಿತ್ತೋ, ದಿನಕ್ಕೆ ಒಂದಾದರೂ ಹರಿದುಹೋಗುತ್ತಿತ್ತು. ಸಿಪ್ಪೆಯ ಜೊತೆ ಬಿಳಿಯೂ ಕಿತ್ತು ಬಂದು, ಒಳಗಿನ ಹಳದಿ ಇಣುಕಿ, ಇಲಿ ಕಚ್ಚಿ ಬಿಟ್ಟಂತೆ ಕಾಣುತ್ತಿತ್ತು. ನಮ್ಮ ಕಡೆ ಮೊಟ್ಟೆಗೆ ತತ್ತಿ ಎನ್ನುತ್ತೇವೆ. ಮೊಟ್ಟೆ ಎಂಬ ಮಾತನ್ನು ನಾನು ಮೊದಲು ಕಂಡದ್ದು ಸಾಲೆಯ ಪುಸ್ತಕದಲ್ಲಿ.

ಮೂಡಲಗಿಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಕಬ್ಬಿನ ಹೊಲಗಳ ಮಗ್ಗುಲಿಗೆ ನಮ್ಮ ಮಾಳಿಗೆಯ ಮನೆ. ಅಪ್ಪ ಕುರಿಹಿಂಡಿನ ಜೊತೆ ವರ್ಷದಲ್ಲಿ ಆರೇಳು ತಿಂಗಳು ಹೊರಗೇ ಇರುತ್ತಿದ್ದ. ಮನೆಯಲ್ಲಿ ಉಳಿಯುತ್ತಿದ್ದವರು ಆಯಿ, ಅವ್ವ, ಅಪ್ಪನ ತಮ್ಮ ಸಿದ್ದು ಕಾಕಾ, ನಾನು ಮತ್ತು ನನಗಿಂತ ಮೂರು ವರ್ಷ ಸಣ್ಣವಳಾದ ತಂಗಿ ಶೋಭಾ. ಅಡುಗೆಮನೆ ಕತ್ತಲ ಕೋಣೆ. ಮೇಲೆ ಒಂದೇ ಒಂದು ಬೆಳಕಿಂಡಿ. ಬೆಳಗ್ಗೆ ಅದರಿಂದ ಇಳಿಯುವ ಬಿಸಿಲಿನ ಕೋಲು ಮೊದಲು ಹಿಟ್ಟಿನ ಡಬ್ಬಿಗೆ, ಆಮೇಲೆ ಒಲೆಯ ಗುಂಡುಗಳಿಗೆ, ಕೊನೆಗೆ ಅವ್ವನ ಮೊಣಕಾಲಿಗೆ ಬಂದು ನಿಲ್ಲುತ್ತಿತ್ತು. ಅದು ಮೊಣಕಾಲಿಗೆ ಬಂತೆಂದರೆ ಕಾಕಾ ಗರಡಿಮನೆಯಿಂದ ಬರುವ ಹೊತ್ತಾಯಿತೆಂದು ಲೆಕ್ಕ. ಆಗ ಅವ್ವ ರೊಟ್ಟಿಯ ಹೆಂಚನ್ನು ಪಕ್ಕಕ್ಕಿಟ್ಟು, ತತ್ತಿಗೆಂದೇ ಬೇರೆಯಾಗಿ ಇಟ್ಟಿದ್ದ ಜರ್ಮನ್ ಬೋಗಾಣಿಯಲ್ಲಿ, ಅಂದರೆ ಅಲ್ಯುಮಿನಿಯಂ ಪಾತ್ರೆಯಲ್ಲಿ, ನೀರು ಕಾಯಿಸುತ್ತಿದ್ದಳು.

ಕಾಕಾ ಪೈಲ್ವಾನ. ಹಿರಿಯ ಮಗನನ್ನು ಕುರಿಗಳಿಗೆ ಕೊಟ್ಟೆ, ಕಿರಿಯವನನ್ನು ಕೆಂಪು ಮಣ್ಣಿಗೆ ಕೊಡುತ್ತೇನೆ ಎಂದು ಆಯಿ ನಿಶ್ಚಯಿಸಿದ್ದಳು. ಅದು ಬರಿಯ ಬಾಯಿಮಾತಾಗಿರಲಿಲ್ಲ. ಮನೆಯ ಎಮ್ಮೆಯ ಹಾಲು ಕಾಕಾನಿಗೆ. ತುಪ್ಪ ಕಾಕಾನಿಗೆ. ಪಡಸಾಲೆಯ ಮೂಲೆಯಲ್ಲಿ ಬುಟ್ಟಿಗಳಡಿ ಮಲಗುತ್ತಿದ್ದ ಜವಾರಿ ಕೋಳಿಗಳು ಇಟ್ಟ ತತ್ತಿಯೆಲ್ಲ ಕಾಕಾನಿಗೆ. ಆಯಿಯನ್ನು ಈಗ ನೆನೆದರೆ ಸಿಟ್ಟು ಬರುವುದಿಲ್ಲ. ಆಕೆ ತಾನೂ ಏನನ್ನೂ ತಿನ್ನುತ್ತಿರಲಿಲ್ಲ. ಎಲ್ಲರದೂ ಆದಮೇಲೆ ಮಜ್ಜಿಗೆಯ ನೀರಿನಲ್ಲಿ ತಂಗಳ ರೊಟ್ಟಿ ಮುರಿದು ಹಾಕಿಕೊಂಡು, ಹೊಸ್ತಿಲಲ್ಲಿ ಕೂತು ಉಂಡು, ಗಂಗಾಳವನ್ನು ತಾನೇ ತೊಳೆದಿಡುತ್ತಿದ್ದಳು. ಮಗ ಸ್ನಾನ ಮುಗಿಸಿ ಬಂದು ಕೂತಾಗ ಅವನ ಹೆಗಲು ನೋಡುತ್ತಿದ್ದ ಆಕೆಯ ಕಣ್ಣುಗಳಲ್ಲಿ, ದೇವರ ಮುಂದೆ ನಿಂತವರ ಕಣ್ಣುಗಳಲ್ಲಿ ಇರುವಂಥದ್ದೇ ಏನೋ ಇರುತ್ತಿತ್ತು.

ತತ್ತಿ ಸುಲಿಯುವುದು ಆಯಿಯ ಕಣ್ಣೆದುರೇ ನಡೆಯಬೇಕು. ಆಕೆ ಬಾಗಿಲ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅವ್ವ ಬಿಸಿನೀರು ಬಸಿದು, ತಣ್ಣೀರು ಸುರಿದು, ಒಂದೊಂದಾಗಿ ಎತ್ತಿಕೊಳ್ಳುತ್ತಿದ್ದಳು. ಒಂದು, ಎರಡು, ಮೂರು ಚೆನ್ನಾಗಿಯೇ ಬರುತ್ತಿದ್ದವು. ನಾಲ್ಕನೆಯದೋ ಐದನೆಯದೋ ಕೈಯಲ್ಲಿ ಹರಿಯುತ್ತಿತ್ತು.

"ಮತ್ತ ಹರದಿ?"

"ಸಿಪ್ಪಿ ಬಿಡವಲ್ದರಿ ಅತ್ತಿ."

"ಸಿಪ್ಪಿ ಬಿಡವಲ್ದು! ಕೋಳಿ ಮ್ಯಾಲ ತಪ್ಪ ಹಾಕು. ಖಾನಾವಳಿ ಮನಿ ಮಗಳಂತ, ಒಂದ ತತ್ತಿ ಸುಲ್ಯಾಕ ಬರಾಂಗಿಲ್ಲ. ಅದನ್ನ ಪೈಲ್ವಾನನ ತಾಟಿಗೆ ಇಡಬ್ಯಾಡ. ಹರಕ ತಿಂದ್ರ ಕಣದಾಗ ಬೆನ್ನ ಮಣ್ಣಿಗೆ ಹತ್ತತೈತಿ."

"ಮತ್ತ ಇದನ್ನ ಏನ ಮಾಡ್ಲಿರಿ?"

"ಏನ ಮಾಡ್ತಿ? ಆ ಹುಡುಗ್ಯಾರ ಬಾಯಾಗ ಹಾಕು. ಚೆಲ್ಲಬ್ಯಾಡ."

ಈ ಮಾತಿಗಾಗಿಯೇ ನಾನೂ ಶೋಭಾಳೂ ಹಿಟ್ಟಿನ ಡಬ್ಬಿಯ ಹಿಂದೆ ಕಾಯುತ್ತ ಕೂತಿರುತ್ತಿದ್ದೆವು. ಅವ್ವ ಹರಿದ ತತ್ತಿಯನ್ನು ಎರಡು ಮಾಡಿ, ಹಳದಿ ಹೆಚ್ಚಿದ್ದ ಭಾಗವನ್ನು ಶೋಭಾಳಿಗೆ, ಇನ್ನೊಂದನ್ನು ನನಗೆ ಕೊಡುತ್ತಿದ್ದಳು. ಇಡೀ ತತ್ತಿಯ ರುಚಿ ಹೇಗಿರುತ್ತದೆಂದು ನಮಗೆ ಗೊತ್ತೇ ಇರಲಿಲ್ಲ. ಶೋಭಾ ಬೆಳಗ್ಗೆ ಏಳುತ್ತಲೇ ಒಲೆಯ ಹತ್ತಿರ ಬಂದು ಅವ್ವನ ಕಿವಿಯಲ್ಲಿ, "ಯವ್ವಾ, ಇವತ್ತೂ ಹರೀತೈತೇನ?" ಎಂದು ಕೇಳುತ್ತಿದ್ದಳು. ಅವ್ವ ಅವಳ ಬಾಯಿಯ ಮೇಲೆ ಬೆರಳಿಟ್ಟು, ಹಿಟ್ಟು ನಾದುವುದನ್ನು ಮುಂದುವರಿಸುತ್ತಿದ್ದಳು.

ಕಾಕಾ ಗರಡಿಗೆ ಸೇರಿದ ಮೊದಮೊದಲು ಅವ್ವನ ಕೈ ನೆಟ್ಟಗೇ ಇತ್ತಂತೆ. ಆಮೇಲೆ ಕೆಟ್ಟಿತಂತೆ. ಆದ್ದರಿಂದ ಯಾರದೋ ದೃಷ್ಟಿ ತಾಗಿದೆ ಎಂದು ಆಯಿ ನಂಬಿದ್ದಳು. ಒಂದು ಅಮಾವಾಸ್ಯೆಯ ಸಂಜೆ ಅವ್ವನನ್ನು ಅಂಗಳದಲ್ಲಿ ಕೂರಿಸಿ, ಬಲಗೈ ಮುಂದೆ ಚಾಚಿಸಿ, ಉಪ್ಪು ಮೆಣಸಿನಕಾಯಿಯನ್ನು ಆ ಕೈಯೊಂದಕ್ಕೇ ಮೂರು ಸಲ ನಿವಾಳಿಸಿ ಒಲೆಗೆ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ. ಮೆಣಸಿನ ಘಾಟು ಏಳಲಿಲ್ಲ. ದೃಷ್ಟಿ ಬಲವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ ಎಂದಳು ಆಯಿ. ಅವ್ವ ಗಂಭೀರವಾಗಿ ಕೈ ಚಾಚಿಕೊಂಡೇ ಕೂತಿದ್ದಳು. ಮರುದಿನ ಆರಕ್ಕೆ ಆರೂ ತತ್ತಿ ಇಡಿಯಾಗಿ ಬಂದವು. ಆಯಿ ಗೆದ್ದ ಮುಖ ಮಾಡಿದಳು, ಶೋಭಾ ಅತ್ತಳು. ಅದರ ಮರುದಿನ ಮತ್ತೆ ಒಂದು ಹರಿಯಿತು.

ನನಗೆ ಹತ್ತು ತುಂಬುವ ಹೊತ್ತಿಗೆ ಅವ್ವನ ಬಗ್ಗೆ ನಾಚಿಕೆ ಶುರುವಾಗಿತ್ತು. ನೀರು ತರಲು ಹೋದಲ್ಲಿ ಹುಡುಗಿಯರು "ಹರಕ ಕೈಯಾಕಿ ಮಗಳು ಬಂದ್ಲು, ಕೊಡಾ ಜ್ವಾಕಿ" ಎಂದು ನಗುತ್ತಿದ್ದರು. ಆಯಿ ಬಂದವರೆದುರಿಗೆಲ್ಲ ಅವ್ವನ ಕೈಯ ಕತೆ ಹೇಳಿ ಹೇಳಿ ಅದು ಊರ ಮಾತಾಗಿತ್ತು. ಒಂದು ದಿನ ನೀರಿನ ಕೊಡವನ್ನು ನೆಲಕ್ಕೆ ಕುಕ್ಕಿ ನಾನೇ ಅವ್ವನನ್ನು ಬೈದೆ.

"ಎಲ್ಲಾರ ಅವ್ವಗೋಳಿಗೆ ಬರತೈತಿ, ನಿನಗೊಬ್ಬಾಕಿಗೆ ಯಾಕ ಬರಾಂಗಿಲ್ಲ?"

"ಕೈ ಕೇಳವಲ್ದು ಯವ್ವಾ," ಎಂದಳು ಅವ್ವ. ಮುಖದಲ್ಲಿ ಬೇಸರವೂ ಇರಲಿಲ್ಲ.

ಆ ಬೇಸಿಗೆಯ ಸೂಟಿಯಲ್ಲಿ ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ತವರಿಗೆ, ಹುಕ್ಕೇರಿಗೆ ಹೋದಳು. ಅಲ್ಲಿ ಬಸ್‌ಸ್ಟ್ಯಾಂಡಿನ ಹಿಂದಿನ ಸಂದಿಯಲ್ಲಿ ಸೋದರಮಾವನ ಖಾನಾವಳಿ. ಅಜ್ಜನ ಕಾಲದಿಂದ ನಡೆದುಬಂದದ್ದು. ಕೂರಲು ನಾಲ್ಕು ಬಾಂಕು, ಹೊಗೆ ಹಿಡಿದ ಗೋಡೆ, ಒಳಗೆ ದೊಡ್ಡ ಅಡುಗೆಮನೆ. ಸಂತೆಯ ದಿನ ಅಲ್ಲಿ ತತ್ತಿಯ ಸಾರಿಗೆ ಜನ ಮುಗಿಬೀಳುತ್ತಿದ್ದರು. ನಾವಿದ್ದಾಗ ಬಂದ ಸಂತೆಯ ದಿನ ಕೆಲಸದ ಹೆಂಗಸು ಜ್ವರ ಬಂದು ಮಲಗಿದ್ದಳು. ಸೋದರಮಾವನ ಹೆಂಡತಿ, ನಮ್ಮ ಅತ್ತಿ, ಎರಡು ದೊಡ್ಡ ಪಾತ್ರೆಗಳ ತುಂಬ ಕುದಿಸಿದ ತತ್ತಿಯನ್ನು ನೋಡಿಕೊಂಡು ಹಣೆ ಒತ್ತಿಕೊಳ್ಳುತ್ತ ನಿಂತಿದ್ದಳು. ಅವ್ವ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಣೆ ಎಳೆದುಕೊಂಡು ಕೂತಳು.

ಇಷ್ಟು ಜನರೆದುರು ಅವ್ವನ ಮಾನ ಹೋಗುತ್ತದೆ ಎಂದುಕೊಂಡೆ. ಅತ್ತಿಗೆ ಮೊದಲೇ ಹೇಳಿಬಿಡಲೇ ಎಂದೂ ಅನಿಸಿತು. ಅಷ್ಟರಲ್ಲಿ ಅವ್ವ ಮೊದಲ ತತ್ತಿಯನ್ನು ಎತ್ತಿಕೊಂಡು, ಅದರ ದಪ್ಪ ತುದಿಯನ್ನು ನೆಲಕ್ಕೆ ಮೆಲ್ಲಗೆ ತಟ್ಟಿ, ಅಂಗೈಯಡಿ ಒಂದು ಸಲ ಉರುಳಿಸಿದಳು. ಮೈತುಂಬ ಬಿರುಕು ಎದ್ದಿತು. ನೀರಿನಲ್ಲಿ ಅದ್ದಿ, ಹೆಬ್ಬೆರಳನ್ನು ಪೊರೆಯ ಕೆಳಗೆ ತೂರಿಸಿ ತಿರುವಿದಳು ನೋಡಿ, ಸಿಪ್ಪೆ ಅಂಗಿ ಕಳಚಿದಂತೆ ಒಂದೇ ಪಟ್ಟಿಯಾಗಿ ಕೆಳಗೆ ಬಿತ್ತು. ಬೆಳ್ಳಗೆ, ನುಣ್ಣಗೆ, ಉಗುರಿನ ಗೀರೂ ಇಲ್ಲದ ತತ್ತಿ ಇನ್ನೊಂದು ಪಾತ್ರೆಗೆ ಹೋಯಿತು. ಅದು ಹೋಗುವುದರೊಳಗೆ ಇನ್ನೊಂದು ಕೈಯಲ್ಲಿತ್ತು. ಅವ್ವ ಕೆಳಗೆ ನೋಡುತ್ತಲೂ ಇರಲಿಲ್ಲ. ಅತ್ತಿಯ ಜೊತೆ ಯಾರ ಮದುವೆ, ಯಾರ ಹೆರಿಗೆ ಎಂದು ಮಾತಾಡುತ್ತ, ನಗುತ್ತ, ಎರಡೂ ಪಾತ್ರೆ ಮುಗಿಸಿದಳು. ಸುಲಿದ ತತ್ತಿಗಳ ಪಾತ್ರೆಗೆ ಬಗ್ಗಿ ನಾನು ಹುಡುಕಿದೆ. ಹರಿದದ್ದು ಒಂದೂ ಇರಲಿಲ್ಲ.

ಅತ್ತಿ ನನ್ನ ಮುಖ ನೋಡಿ ನಕ್ಕಳು.

"ಹಿಂಗ್ಯಾಕ ನೋಡಾಕತ್ತಿ? ನಿಮ್ಮವ್ವ ನಿನ್ನಷ್ಟ ಇದ್ದಾಗಿಂದ ಇಲ್ಲೇ ಕುಂತ ಸುಲದಾಕಿ. ಇಕಿ ಲಗ್ನ ಆಗಿ ಹೋದಮ್ಯಾಲ ನಮಗ ಇಬ್ರ ಆಳ ಬೇಕಾದ್ರು."

ಹಿಂತಿರುಗುವಾಗ ಬಸ್ಸಿನಲ್ಲಿ ಶೋಭಾ ಅವ್ವನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಘಟಪ್ರಭಾದಲ್ಲಿ ಬಸ್ಸು ಬದಲಿಸಿ, ಗೋಕಾಕ ರಸ್ತೆಯ ಜಾಲಿಮರಗಳು ಕಿಟಕಿಯಲ್ಲಿ ಓಡತೊಡಗಿದ ಮೇಲೆ ನನಗೆ ಧೈರ್ಯ ಬಂತು.

"ಯವ್ವಾ, ಹುಕ್ಕೇರ್ಯಾಗ ನಿನ್ನ ಕೈಗೆ ದೃಷ್ಟಿ ತಾಗಾಂಗಿಲ್ಲೇನ?"

ಅವ್ವ ಬಹಳ ಹೊತ್ತು ನಕ್ಕಳು. ಆಮೇಲೆ ನಗು ನಿಲ್ಲಿಸಿ ಶೋಭಾಳ ತಲೆ ಸವರಿದಳು.

"ನನ್ನ ಕೈಗೆ ಯಾವ ದೃಷ್ಟಿನೂ ತಾಗಿಲ್ಲ. ಇಕಿ ಕೂದಲ ನೆನಪೈತಿ ನಿನಗ? ಜ್ವಾಳದ ದಂಟಿನಂಗ ಕೆಂಪಗ ಆಗಿದ್ವು. ಕಾಲ ಬಾತಿದ್ವು. ನರ್ಸಬಾಯಿ ಬಂದಾಕಿ ಏನಂದ್ಲು? ಹಾಲು ತತ್ತಿ ಹಾಕ್ರಿ, ಇಲ್ಲಂದ್ರ ಈ ಕೂಸ ಕೈಗೆ ಹತ್ತಾಂಗಿಲ್ಲ ಅಂದ್ಲು. ನಿಮ್ಮ ಆಯಿ ಏನಂದ್ರು?"

ನನಗೆ ನೆನಪಿತ್ತು. ಹೆಣ್ಣುಕೂಸಿಗೆ ತತ್ತಿ ಉಷ್ಣ, ಹೊತ್ತಿಗೆ ಮುಂಚೆ ದೊಡ್ಡವಳಾಗುತ್ತಾಳೆ, ಅಂಬಲಿ ಕುಡಿಸು ಸಾಕು ಎಂದಿದ್ದಳು ಆಯಿ.

"ಕೇಳಿದ್ರ ಇಲ್ಲ ಅಂದ್ರು. ಕದ್ದ ಕೊಡಾಕ ನನಗ ಮನಸಾಗ್ಲಿಲ್ಲ. ಕದ್ದದ್ದು ಇವತ್ತಿಲ್ಲ ನಾಳಿ ಗೊತ್ತಾಕ್ಕೈತಿ, ಮಕ್ಕಳಿಗೂ ಅದ ರೂಢಿ ಬೀಳತೈತಿ. ಅದಕ್ಕ ನಿಮ್ಮ ಆಯಿನ ತಮ್ಮ ಬಾಯಿಂದ ಕೊಡು ಅನ್ನುವಂಗ ಮಾಡಿದ್ನಿ. ಬೈಸ್ಕೊಂಡ್ರ ಏನಾತು? ಬೈಗಳ ಮೈಗೆ ಹತ್ತಾಂಗಿಲ್ಲ. ತತ್ತಿ ಹತ್ತತೈತಿ."

ಆಮೇಲೆ ನನ್ನ ಕಿವಿ ಹಿಡಿದು, ಮೆಲ್ಲಗೆ ಅಂದಳು:

"ನೋಡಿದ್ದು ಹೊಟ್ಟ್ಯಾಗ ಇರ್ಲಿ."

ಆಗ ತಾನೇ ಇಟ್ಟ ತತ್ತಿಗೆ ಸಿಪ್ಪೆ ಅಂಟಿಕೊಂಡಿರುತ್ತದೆ, ನಾಲ್ಕು ದಿನದ್ದಾದರೆ ಸಲೀಸಾಗಿ ಬಿಡುತ್ತದೆ ಎಂಬುದನ್ನು ಅವ್ವ ನನಗೆ ಹೇಳಿಕೊಟ್ಟದ್ದು ಅದೇ ಬಸ್ಸಿನಲ್ಲಿ. ದಿನಾ ಹಳೆಯ ಐದರ ಜೊತೆ ಅಂದಿನದೊಂದನ್ನು ಬೇಕೆಂದೇ ಬೋಗಾಣಿಗೆ ಹಾಕುತ್ತಿದ್ದಳಂತೆ. ಆಯಿ ಎದುರೇ ಕೂತು ನೋಡುತ್ತಿದ್ದರೂ ಕೈ ಮೋಸ ಮಾಡುತ್ತಿದೆ ಎಂದು ಗೊತ್ತಾಗದಿರಲು ಅದೇ ಉಪಾಯ. ಇಷ್ಟು ವರ್ಷಗಳ ಮೇಲೂ ಗೋಕಾಕದ ನನ್ನ ಮನೆಯಲ್ಲಿ ಗ್ಯಾಸಿನ ಮೇಲೆ ತತ್ತಿಗೆ ನೀರಿಟ್ಟಾಗ ಅವ್ವ ಹೇಳಿದ ಹಾಗೆಯೇ ಮಾಡುತ್ತೇನೆ: ಹಳೆಯದನ್ನು ಆರಿಸು, ತಣ್ಣೀರಿನಲ್ಲಿ ಮುಳುಗಿಸು, ದಪ್ಪ ತುದಿಯಿಂದ ಶುರುಮಾಡು. ನನ್ನ ಸೊಸೆಗೆ ಇದು ಅಡುಗೆಯ ಪಾಠ. ನನಗೆ ಬೇರೆ.

ಆದರೆ ಆ ವಯಸ್ಸಿನಲ್ಲಿ ನಾನು ಅವ್ವನಿಂದ ಕಲಿತದ್ದು ಮೊದಲು ಕೈಯ ಕೆಲಸವನ್ನು ಮಾತ್ರ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಹುಕ್ಕೇರಿಯಿಂದ ಬಂದ ನಾಲ್ಕೈದು ದಿನಕ್ಕೆ ಆಯಿಗೆ ಸಾಕಾಗಿ ಹೋಯಿತು. ಕಾಕಾನಿಗೆ ಗೋಕಾಕದಲ್ಲಿ ದೊಡ್ಡ ಕುಸ್ತಿಯ ಮಾತು ನಡೆದಿತ್ತು. ಈಗ ಒಂದು ತತ್ತಿಯೂ ಕಡಿಮೆಯಾಗಬಾರದು ಎಂದು ಆಕೆ ಅವ್ವನ ಮುಂದಿನ ಬೋಗಾಣಿಯನ್ನು ನನ್ನ ಮುಂದಕ್ಕೆ ಸರಿಸಿದಳು.

"ಕಸ್ತೂರಿ, ಇವತ್ತಿಂದ ನೀ ಸುಲಿ. ನಿನ್ನ ಕೈಬೆರಳ ಸಣ್ಣು ಅದಾವು. ನೋಡೂನು."

ಅವ್ವ ಅಂದಿನ ತತ್ತಿಯನ್ನು ಎಂದಿನಂತೆ ಹಾಕಿಯೇ ಇದ್ದಳು. ನಾನು ಅದನ್ನು ಗುರುತಿಸಿದೆ. ಉಳಿದವನ್ನು ಸುಲಿದು, ಅದೊಂದನ್ನು ಬಹಳ ಹೊತ್ತು ನೀರಿನಲ್ಲಿ ಬಿಟ್ಟು, ಚೂರು ಚೂರಾಗಿ, ಉಸಿರು ಬಿಗಿಹಿಡಿದು ಸಿಪ್ಪೆ ಬಿಡಿಸಿದೆ. ಆರೂ ಇಡಿಯಾಗಿ ಬಂದವು. ಆಯಿ ನನ್ನ ಕೈಯನ್ನು ತನ್ನ ಒರಟು ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ಹುಟ್ಟಿದಾಗಿನಿಂದ ಆಕೆ ನನ್ನನ್ನು ಹಾಗೆ ಮುಟ್ಟಿದ್ದಿಲ್ಲ.

"ನೋಡೋ ಸಿದ್ದು, ನನ್ನ ಮೊಮ್ಮಗಳ ಕೈ ನೋಡು! ಮುತ್ತ ಇಟ್ಟಂಗ ಇಟ್ಲು."

ಅಂದು ಸಂಜೆ ಬಂದವರೆದುರೆಲ್ಲ ನನ್ನ ಕೈಯ ಹೊಗಳಿಕೆ. ನೀರಿನ ಜಾಗದಲ್ಲೂ ಹುಡುಗಿಯರ ಬಾಯಿ ಕಟ್ಟಿತು. ನನಗೆ ನೆಲ ಕಾಣುತ್ತಿರಲಿಲ್ಲ. ಎರಡನೆಯ ದಿನವೂ ಆರೂ ಇಡಿ. ಮೂರನೆಯ ದಿನವೂ ಇಡಿ. ಶೋಭಾ ಹಿಟ್ಟಿನ ಡಬ್ಬಿಯ ಹಿಂದೆ ಕೂತಿರುತ್ತಾಳೆಂದು ನನಗೆ ಗೊತ್ತಿತ್ತು. ಆ ಕಡೆ ನೋಡುತ್ತಿರಲಿಲ್ಲ, ಅಷ್ಟೇ. ಅವ್ವನ ಕಡೆಯೂ ನೋಡುತ್ತಿರಲಿಲ್ಲ. ಆಕೆ ಒಂದು ಮಾತು ಬೈದಿದ್ದರೆ, ಕಣ್ಣಿನಲ್ಲೇ ಗದರಿಸಿದ್ದರೆ ನಾನು ಅಂದೇ ನಿಲ್ಲಿಸುತ್ತಿದ್ದೆ. ಅವ್ವ ದಿನಾ ಅಂದಿನ ತತ್ತಿಯೊಂದನ್ನು ಬೋಗಾಣಿಗೆ ಹಾಕುವುದನ್ನು ಮಾತ್ರ ಬಿಡಲಿಲ್ಲ.

ಐದನೆಯ ದಿನ ಶೋಭಾ ಡಬ್ಬಿಯ ಹಿಂದಿನಿಂದ ಎದ್ದು ನನ್ನ ಹತ್ತಿರ ಬಂದು ಕೂತಳು. ದಿನಾ ಹಿಡಿದು ಕಾಯುತ್ತಿದ್ದ ತಾಟು ಅವಳ ಕೈಯಲ್ಲಿ ಇರಲಿಲ್ಲ. ನಾನು ಸುಲಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಕೊನೆಯದನ್ನೂ ತಾಟಿಗಿಟ್ಟ ಮೇಲೆ ಹೆಮ್ಮೆಯಿಂದ ಕೇಳಿದಳು:

"ಅಕ್ಕಾ, ನೀ ಸುಲದ್ರ ಎಂದೂ ಹರ್ಯಾಂಗಿಲ್ಲ, ಹೌದಿಲ್ಲೋ?"

ಅವಳ ದನಿಯಲ್ಲಿ ದೂರು ಇರಲಿಲ್ಲ. ಅಕ್ಕನನ್ನು ಮೆಚ್ಚಿಕೊಂಡೇ ಕೇಳಿದ್ದಳು. ತತ್ತಿಯ ಆಸೆಯನ್ನು ಆರು ವರ್ಷ ಮುಗಿದು ಏಳಕ್ಕೆ ಬಿದ್ದಿದ್ದ ಆ ಹುಡುಗಿ ತಾನೇ ಬಿಟ್ಟುಬಿಟ್ಟಿದ್ದಳು.

ಮರುದಿನ ಹರಿಯಲೇಬೇಕೆಂದು ಕೂತೆ. ಸುಲಿಯುವುದಕ್ಕಿಂತ ಹರಿಯುವುದು ಕಷ್ಟದ ಕೆಲಸವೆಂದು ಆಗ ತಿಳಿಯಿತು. ಪೈಲ್ವಾನನ ತಾಟಿಗೆ ಇಡಲು ಬಾರದಷ್ಟು ಹರಿಯಬೇಕು. ತಿನ್ನುವುದು ಮಾತ್ರ ಹಾಳಾಗಬಾರದು. ಬೇಕೆಂದೇ ಹರಿದೆ ಎಂದು ಎದುರು ಕೂತವರಿಗೆ ಕಾಣಬಾರದು. ಹೆದರಿಕೆಯಲ್ಲಿ ನಾನು ಹೆಬ್ಬೆರಳನ್ನು ಒಂದೇ ಸಲಕ್ಕೆ ಒತ್ತಿದೆ. ತತ್ತಿ ಎರಡಾಗಿ, ಹಳದಿಯ ಉಂಡೆ ಜಾರಿ ಬೂದಿಯಲ್ಲಿ ಉರುಳಿತು. ಆಯಿ ಎದ್ದು ಬಂದು ತಲೆಯ ಮೇಲೊಂದು ಮೊಟಕಿದಳು.

"ಆತು! ತಾಯಿ ಕೈನ ಬಂತು ಇಕಿಗೂ!"

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವನ ಬೆನ್ನು ಅಲುಗಾಡುತ್ತಿತ್ತು. ನಗುತ್ತಿದ್ದಳೋ ಏನೋ, ಮುಖ ನನಗೆ ಕಾಣಲಿಲ್ಲ. ನಾನು ತಲೆ ಸವರಿಕೊಳ್ಳುತ್ತ ಬೂದಿಯಿಂದ ಹಳದಿಯನ್ನು ಎತ್ತಿ, ಊದಿ, ತೊಳೆದು ಶೋಭಾಳ ಬಾಯಿಗಿಟ್ಟೆ. ಆಮೇಲೆ ಮೂವತ್ತು ವರ್ಷ ಸಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದೆ. ಸನ್ಮಾನಗಳೂ ಆದವು, ಶಾಲುಗಳೂ ಬಂದವು. ಅಂದು ಆಯಿ ಬೈದ ಆ ಮಾತಿನಷ್ಟು ದೊಡ್ಡ ಹೊಗಳಿಕೆ ನನಗೆ ಯಾರೂ ಕೊಟ್ಟಿಲ್ಲ.

ಬೋಗಾಣಿ ಮತ್ತೆ ಅವ್ವನ ಮುಂದೆ ಬಂತು. ಮಳೆಗಾಲ ಕಳೆಯಿತು. ಕಬ್ಬು ಕಡಿಯುವ ಹೊತ್ತಿಗೆ ಗೋಕಾಕದ ಕುಸ್ತಿಯ ದಿನ ಬಂತು. ಅಪ್ಪನೂ ಕುರಿ ಬಿಟ್ಟು ಬಂದ. ಗಂಡಸರೆಲ್ಲ ಹೋದರು. ಸಂಜೆ ಗೆಲುವಿನ ಮೆರವಣಿಗೆಯ ಹಲಗೆ ವಾದ್ಯದ ಸಪ್ಪಳ ಕೇಳಿಸೀತೆಂದು ನಾವು ಮಾಳಿಗೆ ಹತ್ತಿ ನಿಂತಿದ್ದೆವು. ಸಪ್ಪಳವಿಲ್ಲದೆ ಒಂದು ಟ್ರ್ಯಾಕ್ಟರು ಬಂತು. ಅದರಲ್ಲಿ ಕಾಕಾ ಅಂಗಾತ ಮಲಗಿದ್ದ. ಎದುರಾಳಿಯನ್ನು ಎತ್ತುವಾಗ ಮೊಣಕಾಲು ತಿರುಚಿ ಒಳಗೇ ಏನೋ ಹರಿದಿತ್ತು. ಘಟಪ್ರಭಾದ ದವಾಖಾನೆಯಲ್ಲಿ ಹದಿನೈದು ದಿನ ಇಟ್ಟುಕೊಂಡರು. ನಡೆಯಬಹುದು, ಹೊಲದ ಕೆಲಸವನ್ನೂ ಮಾಡಬಹುದು, ಕಣಕ್ಕೆ ಮಾತ್ರ ಇನ್ನು ಇಳಿಯುವಂತಿಲ್ಲ ಎಂದು ಹೇಳಿ ಕಳಿಸಿದರು.

ಮನೆಗೆ ಬಂದ ಮರುದಿನ ಅವ್ವ ಎಂದಿನಂತೆ ತತ್ತಿ ಕುದಿಸಿ ಅವನ ಮುಂದಿಟ್ಟಳು. ಕಾಕಾ ತಾಟನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದ.

"ವೈನಿ, ನನಗ ಇನ್ನ ತತ್ತಿ ಬ್ಯಾಡ್ರಿ. ಎಲ್ಲಾರ ಜೋಡಿ ರೊಟ್ಟಿ ಕೊಡ್ರಿ."

ಅವನು ಬಿಕ್ಕದೇ ಇದ್ದದ್ದು ನಮ್ಮೆಲ್ಲರ ಮೇಲಿನ ಕರುಣೆಯಿಂದ ಎಂದು ಈಗ ಅನಿಸುತ್ತದೆ. ಆಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿತ್ತಿಲಿಗೆ ಹೋದವಳು ಉಣ್ಣುವ ಹೊತ್ತಾದರೂ ಒಳಗೆ ಬರಲಿಲ್ಲ. ಕೋಳಿಗಳಿಗೆ ಇದೇನೂ ಗೊತ್ತಿರಲಿಲ್ಲ. ಅವು ಇಡುತ್ತಲೇ ಹೋದವು. ಬುಟ್ಟಿಯಲ್ಲಿ ತತ್ತಿ ಗುಡ್ಡೆಯಾಯಿತು. ವಾರವಾದ ಮೇಲೆ ಒಂದು ಬೆಳಗ್ಗೆ ಆಯಿ ಆ ಬುಟ್ಟಿಯನ್ನು ನೋಡುತ್ತ ಅಂದಳು:

"ನಾಳಿ ಮೂಡಲಗಿ ಸಂತಿ. ಎಲ್ಲಾ ಕಳಸಿಬಿಡೂನು. ಇನ್ನ ಮನಿಯಾಗ ತತ್ತಿ ತಿನ್ನಾವ್ರ ಯಾರ ಅದಾರ?"

ಅವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದುಕೊಂಡಳು. ಬುಟ್ಟಿಯಿಂದ ಮೂರು ತತ್ತಿ ತೆಗೆದು ಬೋಗಾಣಿಗೆ ಹಾಕಿ ಒಲೆಯ ಮೇಲಿಟ್ಟಳು. ಆಮೇಲೆ ಆಯಿಯ ಕಡೆ ತಿರುಗಿದಳು. ಆಕೆಯ ದನಿ ಎತ್ತರವಾಗಿರಲಿಲ್ಲ. ಆದರೆ ನಾನು ಆ ದನಿಯನ್ನು ನಮ್ಮ ಮನೆಯಲ್ಲಿ ಅದಕ್ಕೆ ಮೊದಲು ಕೇಳಿರಲಿಲ್ಲ.

"ತಿನ್ನಾವ್ರ ಅದಾರ್ರಿ ಅತ್ತಿ."

"ಯಾರ?"

"ಈ ಇಬ್ರು. ದಿನಾ ಒಂದೊಂದು ಬೇಕ್ರಿ ಅವಕ್ಕ."

"ಯಾಕ, ಕುಸ್ತಿ ಹಿಡ್ಯಾಕ ಹೋಗ್ತಾವೇನ?"

"ಸಾಲಿಗೆ ಹೋಗ್ತಾವ್ರಿ."

"ಹೆಣ್ಣ ಹುಡುಗ್ಯಾರಿಗೆ ಉಷ್ಣ ಆಕ್ಕೈತಿ ಅಂತ ಎಷ್ಟ ಸಲ ಹೇಳೇನಿ ನಿನಗ?"

"ನಾಕ ವರ್ಷ ತಿಂದಾವ್ರಿ. ಏನೂ ಆಗಿಲ್ಲ."

"ಎಲ್ಲಿ ತಿಂದಾವ ನಾಕ ವರ್ಷ? ನೀ ಹರದದ್ದ ತಿಂದಾವ, ಅಷ್ಟ."

ಅವ್ವ ನೀರು ಕುದಿಯುವ ತನಕ ಒಲೆಯ ಉರಿಯನ್ನೇ ನೋಡುತ್ತ ಕೂತಳು. ನಾವೆಲ್ಲ ನಿಂತಲ್ಲೇ ನಿಂತಿದ್ದೆವು. ಆಮೇಲೆ ಬೋಗಾಣಿ ಇಳಿಸಿ, ನೀರು ಬಸಿಯದೆ, ಮೂರು ತತ್ತಿಯನ್ನೂ ಸೌಟಿನಿಂದ ತೆಗೆದು ತಣ್ಣೀರಿಗೆ ಹಾಕಿ, ಮಣೆಯನ್ನು ಆಯಿಯ ಎದುರಿಗೇ ಎಳೆದುಕೊಂಡಳು. ದಪ್ಪ ತುದಿಯನ್ನು ತಟ್ಟಿದಳು. ಅಂಗೈಯಡಿ ಉರುಳಿಸಿದಳು. ಹೆಬ್ಬೆರಳು ತಿರುಗಿತು, ಸಿಪ್ಪೆ ಒಂದೇ ಪಟ್ಟಿಯಾಗಿ ಆಯಿಯ ಕಾಲ ಹತ್ತಿರ ಬಿತ್ತು. ಎರಡನೆಯದೂ ಹಾಗೇ. ಮೂರನೆಯದನ್ನು ಸುಲಿಯುವಾಗ ಅವ್ವ ತತ್ತಿಯನ್ನು ನೋಡುತ್ತಿರಲಿಲ್ಲ, ಆಯಿಯನ್ನೇ ನೋಡುತ್ತಿದ್ದಳು. ಒಂದನ್ನು ನನ್ನ ತಾಟಿಗಿಟ್ಟಳು, ಒಂದನ್ನು ಶೋಭಾಳ ತಾಟಿಗೆ. ಮೂರನೆಯದನ್ನು ಆಯಿಯ ಗಂಗಾಳದಲ್ಲಿಟ್ಟು ಆಕೆಯ ಮುಂದೆ ಸರಿಸಿದಳು.

ಆಯಿ ಆ ತತ್ತಿಯನ್ನು ಬೆರಳ ತುದಿಯಿಂದ ಒಂದು ಸುತ್ತು ತಿರುಗಿಸಿ ನೋಡಿದಳು. ಎಲ್ಲಿಯೂ ಗೀರಿರಲಿಲ್ಲ. ಕೆಳಗೆ ಬಿದ್ದ ಸಿಪ್ಪೆಯನ್ನು ಎತ್ತಿ ಅದನ್ನೂ ನೋಡಿದಳು. ಆಕೆ ದಡ್ಡಿಯಲ್ಲ. ಕುರಿಹಿಂಡಿನಲ್ಲಿ ಯಾವ ಮರಿ ಯಾವ ಕುರಿಯದೆಂದು ದನಿಯಿಂದ ಗುರುತಿಸುತ್ತಿದ್ದವಳು. ಈಗ ಕೂಗುತ್ತಾಳೆ, ಅವ್ವನನ್ನು ಹುಕ್ಕೇರಿಗೆ ಅಟ್ಟುತ್ತಾಳೆ ಎಂದುಕೊಂಡೆ. ಶೋಭಾ ನನ್ನ ಲಂಗವನ್ನು ಹಿಡಿದುಕೊಂಡಿದ್ದಳು. ಪಡಸಾಲೆಯಲ್ಲಿ ಮಲಗಿದ್ದ ಕಾಕಾ ಮೊಣಕೈಯೂರಿ ಎದ್ದು ಈ ಕಡೆ ನೋಡುತ್ತಿದ್ದ.

"ದಿನಾ?" ಎಂದಳು ಆಯಿ.

"ದಿನಾ ರಿ."

"ನಾ ಬೈಯುವಾಗ ಎಲ್ಲಾ?"

"ಹೂಂ ರಿ."

ಅವ್ವ ತಪ್ಪಾಯಿತು ಎನ್ನಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ. ಆಯಿ ಶೋಭಾಳ ಕಡೆ ನೋಡಿದಳು. ಅವಳ ಕಪ್ಪು ಕೂದಲನ್ನು, ತುಂಬಿಕೊಂಡ ಕೆನ್ನೆಯನ್ನು ಮೊದಲ ಸಲ ಕಂಡವಳಂತೆ ನೋಡಿದಳು. ಆಮೇಲೆ ಅವ್ವನ ಮುಂದಿನ ಖಾಲಿ ನೆಲವನ್ನು ನೋಡಿದಳು. ಅಲ್ಲಿ ತಾಟು ಇರಲಿಲ್ಲ.

"ನೀ ಎಂದಾರ ಒಂದ ತಿಂದಿಯೇನ?"

ಅವ್ವನಿಗೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿರಲಿಲ್ಲ. ಆ ಬೆಳಗ್ಗೆ ಆಕೆಯ ಕಣ್ಣು ತುಂಬಿದ್ದು ಆಗ ಮಾತ್ರ. ಬೇಡವೆಂದು ಕೈ ಆಡಿಸಿದಳು. ಆಯಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೊಣಕಾಲಿಗೆ ಕೈಯೂರಿ ಎದ್ದು, ಬುಟ್ಟಿಯ ಹತ್ತಿರ ಹೋಗಿ, ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ ತಂದಳು. ಬೋಗಾಣಿಯನ್ನು ಮತ್ತೆ ಒಲೆಯ ಮೇಲಿಟ್ಟು ತತ್ತಿಯನ್ನು ನೀರಿಗೆ ಬಿಟ್ಟಳು. ಕಟ್ಟಿಗೆಯನ್ನು ಮುಂದಕ್ಕೆ ದೂಡಿ ಊದುಗೊಳವೆಯಿಂದ ಊದಿದಳು.

"ಕುದೀಲಿ," ಎಂದಳು. "ಕೂಡೇ ತಿನ್ನೂನು."

ನಾನೂ ಶೋಭಾಳೂ ಇಡೀ ತತ್ತಿಯನ್ನು ತಾಟಿನಲ್ಲಿಟ್ಟುಕೊಂಡು ಕೂತೆವು. ಅವ್ವನ ಪಾಲಿನದು ಬೇಯುವ ತನಕ ಯಾರೂ ಕೈ ಹಾಕಲಿಲ್ಲ.